ಹಲ್ಲು ನೋಡಿ ತಂದ ಹಾರ್ಡ್ ಡಿಸ್ಕ್

ಹೋದ ತಿಂಗಳು ಗೋಕಾಕದಲ್ಲಿ ನಮ್ಮ ಹಳೆಯ ಅಂಗಡಿಯಿದ್ದ ಕಟ್ಟಡ ಕೆಡವಿದರು. ಅದಕ್ಕೂ ಮುಂಚೆ ಅಟ್ಟದ ಮೇಲಿನ ಸಾಮಾನು ಇಳಿಸಿಕೊಂಡು ಹೋಗಿರೆಂದು ಮಾಲಕರು ಫೋನ್ ಮಾಡಿದ್ದರು. ಸಿಕ್ಕಿದ್ದು ಎರಡು ಗೋಣಿಚೀಲ ಸತ್ತ ಹಾರ್ಡ್ ಡಿಸ್ಕು. ಗುಜರಿಯವನು ಚೀಲವನ್ನು ಹಾಗೇ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಅಲ್ಯೂಮಿನಿಯಂ ದರ ಹೇಳಿದ. ನನ್ನ ಜತೆ ಬಂದಿದ್ದ ತಂಗಿಯ ಮಗ, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ, ಇನ್ನೊಂದು ಚೀಲದ ಬಾಯಿ ಬಿಚ್ಚಿ ಒಂದೊಂದೇ ಲೇಬಲ್ಲು ಓದುತ್ತ ಕೇಳಿದ: "ಮಾಮಾ, ಇದರಾಗ ಯಾವ ಕಂಪನಿದು ಛಲೋ ಇತ್ತು?"

ಆ ಅಂಗಡಿಯಲ್ಲಿ ಕೂತು ಇಪ್ಪತ್ತು ವರ್ಷ ದಿನಾ ಕೇಳಿಸಿಕೊಂಡ ಪ್ರಶ್ನೆ. ಆಗೆಲ್ಲ ಥಟ್ಟನೆ ಒಂದು ಹೆಸರು ಹೇಳಿ ಗಿರಾಕಿಯನ್ನು ಕಳಿಸುತ್ತಿದ್ದೆ. ಅವತ್ತು ಬಾಯಿ ಬರಲಿಲ್ಲ. ಅವನಿಗೆ ಹೇಳಬೇಕಾಗಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು 1998ರಲ್ಲಿ. ಯಜಮಾನರನ್ನು ಊರೆಲ್ಲ ರೇಡಿಯೋ ಕಾಕಾ ಅನ್ನುತ್ತಿತ್ತು. ರೇಡಿಯೋ, ಟೇಪು, ಟಿವಿ ಎಂದು ಒಂದೊಂದನ್ನೇ ಬಿಚ್ಚುತ್ತ ಬಂದು ಕೊನೆಗೆ ಕಂಪ್ಯೂಟರಿಗೆ ಕೈ ಹಾಕಿದವರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಪರದೆಯ ಮೇಲೆ ಬಂದದ್ದನ್ನು ನನ್ನಿಂದ ಓದಿಸಿಕೊಂಡು, "ಅದು ಏನರ ಬರೀಲಿ, ಒಳಗಿಂದು ಏನ ಹೇಳತೈತಿ ಕೇಳೂಣು" ಎಂದು ಉದ್ದನೆಯ ಸ್ಕ್ರೂಡ್ರೈವರ್ ತೆಗೆಯುತ್ತಿದ್ದರು. ಅದರ ತುದಿ ಡಿಸ್ಕಿನ ಮೈಗೆ, ಹಿಡಿಕೆ ತಮ್ಮ ಎಡಗಿವಿಗೆ. ಕಣ್ಣು ಮುಚ್ಚಿಕೊಂಡರೆ ಅಂಗಡಿಯಲ್ಲಿ ಯಾರೂ ಉಸಿರೆತ್ತಬಾರದು. ಒಳಗಿನ ತಟ್ಟೆ ನಿಮಿಷಕ್ಕೆ 5,400 ಸುತ್ತೋ 7,200 ಸುತ್ತೋ ತಿರುಗುತ್ತಿರುತ್ತದೆ. ಸುಯ್ಯೆಂದು ಒಂದೇ ಸಮ ಕೇಳಿದರೆ ಮೈ ಗಟ್ಟಿ. ನಡುವೆ ಕೀರಲು ದನಿ ಸೇರಿದ್ದರೆ ಬೇರಿಂಗ್ ಸವೆದಿದೆ. ಟಕ್, ಟಕ್, ಒಂದು ಉಸಿರು ಬಿಟ್ಟು ಮತ್ತೆ ಟಕ್ ಅಂದರೆ ತಟ್ಟೆಯನ್ನು ಓದುವ ಹೆಡ್ಡು ದಾರಿ ತಪ್ಪಿದೆ. "ಇದು ಇನ್ನ ಎಂಟ ದಿನದ್ದು. ಇದ್ದದ್ದು ತಗದ ಇಟ್ಕೋರಿ" ಎಂದು ಅವರು ಹೇಳಿದ್ದನ್ನು ಕೇಳಿದವರು ಉಳಿದುಕೊಂಡರು.

ಬೆಸುಗೆಯ ಕಡ್ಡಿಗೆ ಹತ್ತಿಸುವ ರಾಳ ಕಾದಾಗ ಗುಡಿಯ ಧೂಪದಂಥ ಹೊಗೆ ಏಳುತ್ತಿತ್ತು. ಪಕ್ಕದಲ್ಲೇ ಕರದಂಟಿನ ಭಟ್ಟಿ. ತುಪ್ಪದಲ್ಲಿ ಅಂಟು ಅರಳುವ ವಾಸನೆ ಮಧ್ಯಾಹ್ನ ಮೂರರ ಹೊತ್ತಿಗೆ ಗೋಡೆ ದಾಟಿ ಬಂದು ಈ ರಾಳದ ಹೊಗೆಯಲ್ಲಿ ಬೆರೆಯುತ್ತಿತ್ತು. ಎರಡೂ ಮರದ ಅಂಟೇ. ಇವತ್ತಿಗೂ ಕರದಂಟಿನ ಪೊಟ್ಟಣ ಬಿಚ್ಚಿದರೆ ನನಗೆ ಕಾಕಾ ಅವರ ಮೇಜು ಕಾಣುತ್ತದೆ, ಹಸಿರು ಪ್ಲೇಟಿನ ಮೇಲೆ ಕಪ್ಪಗೆ ಸುಟ್ಟ ಐಸಿ ಕಾಣುತ್ತದೆ.

ಕಂಪನಿಗಳ ಜಗಳ ಆಗ ಜೋರು. ಕ್ವಾಂಟಮ್ ಫೈರ್‌ಬಾಲ್, ಮ್ಯಾಕ್ಸ್‌ಟರ್, ಸೀಗೇಟ್, ಸ್ಯಾಮ್‌ಸಂಗ್, ಐಬಿಎಂ. ಲಗ್ನಪತ್ರಿಕೆ ಮಾಡುವ ಡಿಟಿಪಿಯವರದು ಒಂದು ಪಕ್ಷ, ಫೋಟೋ ಸ್ಟುಡಿಯೋದವರದು ಇನ್ನೊಂದು. ಕಿಲಾರಿ ಎತ್ತು ಹೆಚ್ಚೋ ಕೃಷ್ಣಾ ತೀರದ್ದು ಹೆಚ್ಚೋ ಎಂದು ವಾದ ಮಾಡಿದಂತೆಯೇ. ನಾನೂ ಆ ವಾದದಲ್ಲಿ ದನಿ ಎತ್ತಿದವನು. ಆದರೆ ಎತ್ತಿಗಿರುವಂತೆ ಡಿಸ್ಕಿಗೆ ತಳಿ ನಿಲ್ಲುವುದಿಲ್ಲ. ಐಬಿಎಂನ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ 2000ರಲ್ಲಿ ಬಂದಾಗ ಅದರ ವೇಗಕ್ಕೆ ಎಲ್ಲರೂ ಬೆರಗಾಗಿದ್ದರು. 2001ರಲ್ಲಿ ಅಮೆರಿಕದ ಗಿರಾಕಿಗಳು ಕೆಟ್ಟುಹೋದ ಡಿಸ್ಕು ಹಿಡಿದು ಕೋರ್ಟಿಗೆ ಹೋದರು, ಹೆಸರೇ ಡೆತ್‌ಸ್ಟಾರ್ ಎಂದಾಯಿತು. ಅದೇ ವ್ಯವಹಾರ 2003ರಲ್ಲಿ ಹಿಟಾಚಿಯ ಕೈಗೆ ಹೋಯಿತು. ಹತ್ತು ವರ್ಷದ ಮೇಲೆ, ಸಾವಿರಾರು ಡಿಸ್ಕು ಓಡಿಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಕಂಪನಿ ತನ್ನ ಲೆಕ್ಕ ಹೊರಗಿಟ್ಟಾಗ ಎಲ್ಲಕ್ಕಿಂತ ಕಡಿಮೆ ಕೆಟ್ಟವುಗಳಲ್ಲಿ ಇದ್ದದ್ದು ಅದೇ ಹಿಟಾಚಿ. ಕ್ವಾಂಟಮ್ಮಿನ ಡಿಸ್ಕು ವ್ಯವಹಾರವನ್ನು 2001ರಲ್ಲಿ ಮ್ಯಾಕ್ಸ್‌ಟರ್ ನುಂಗಿತು, ಮ್ಯಾಕ್ಸ್‌ಟರನ್ನು 2006ರಲ್ಲಿ ಸೀಗೇಟ್. ನಾವು ಯಾವ ಹೆಸರಿಗಾಗಿ ಬಡಿದಾಡಿದೆವೋ ಅದರಲ್ಲಿ ಬಹುಪಾಲು ಹೆಸರು ಈಗ ಹಾರ್ಡ್ ಡಿಸ್ಕಿನ ಮೇಲೆ ಇಲ್ಲ. ಉಳಿದ ಕಂಪನಿಗಳು ಮೂರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಶಿಬಾ.

ಕಾಕಾ ಈ ವಾದಕ್ಕೆ ಸೇರುತ್ತಿರಲಿಲ್ಲ. ಅವರ ಹತ್ತಿರ ಒಂದು ಕೆಂಪು ರಟ್ಟಿನ ಖಾತೆ ಪುಸ್ತಕವಿತ್ತು. ಸತ್ತು ಬಂದ ಪ್ರತಿ ಡಿಸ್ಕಿಗೂ ಒಂದು ಸಾಲು: ಯಾವ ಊರು, ಅರ್ಥಿಂಗ್ ಇತ್ತೇ, ಕರೆಂಟು ಕೊಡುವ ಎಸ್‌ಎಂಪಿಎಸ್ ಎಂಥದು, ಕಂಪ್ಯೂಟರಿನ ಡಬ್ಬಿ ನೆಲದ ಮೇಲಿತ್ತೋ ಮೇಜಿನ ಮೇಲೋ. ಕಂಪನಿಯ ಹೆಸರು ಕೊನೆಯ ಕಾಲಮ್ಮಿನಲ್ಲಿ. ಎಷ್ಟೋ ಸಲ ಅದನ್ನು ಬರೆಯುವುದನ್ನೇ ಬಿಡುತ್ತಿದ್ದರು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಅಂಗೈಮೇಲೆ ಎತ್ತಿ ತೂಗಿ ನೋಡುವರು. ಹಗುರಾಗಿದ್ದರೆ, "ಇದರ ಹೊಟ್ಯಾಗ ತಾಮ್ರಾನ ಇಲ್ಲ. ಇಂಥಾ ಮನ್ಯಾಗ ಯಾ ಕೂಸು ಬದುಕೀತು?"

ಕಬ್ಬಿನ ಸೀಮೆಯಲ್ಲಿದ್ದವರಿಗೆ ಕರೆಂಟಿನ ಕಾಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ತ್ರೀ ಫೇಸ್ ಬಂತೆಂದರೆ ಸುತ್ತಲಿನ ಪಂಪುಗಳೆಲ್ಲ ಒಮ್ಮೆಗೇ ಏಳುತ್ತವೆ, ಟ್ಯೂಬ್‌ಲೈಟು ಕೆಂಪಗೆ ಮಿಣುಕುತ್ತದೆ. ಕರೆಂಟು ಹೋಗಿ ಬಂದಾಗಿನ ಝಟಕಾ ಸ್ಟೆಬಿಲೈಜರನ್ನು ದಾಟಿ ಒಳಗೆ ಹೋಗುತ್ತದೆ. ಬರೆಯುತ್ತಿರುವಾಗಲೇ ತಟ್ಟೆ ನಿಂತರೆ, ಕೂದಲೆಳೆಗಿಂತ ಎಷ್ಟೋ ಪಟ್ಟು ಕಡಿಮೆ ಅಂತರದಲ್ಲಿ ಗಾಳಿಯ ಮೇಲೆ ತೇಲುವ ಹೆಡ್ಡಿನ ಗತಿ ಏನು?

ಹುಕ್ಕೇರಿಯ ಒಬ್ಬ ಡಿಟಿಪಿ ಗಿರಾಕಿಯನ್ನು ಕಾಕಾ ಎಲ್ಲರಿಗೂ ತೋರಿಸುತ್ತಿದ್ದರು. ಹುಕ್ಕೇರಿ ತಾಲೂಕಿಗೆ ಕರೆಂಟು ಕೊಡುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ನಾಡಿನಲ್ಲಿ ಅಂಥದು ಇನ್ನೊಂದಿಲ್ಲ. ಈ ಗಿರಾಕಿ ಅದರ ಶೇರುದಾರರ ಮಗ, ಕರೆಂಟಿನ ಗುಣ ಮನೆಯಲ್ಲೇ ಕಲಿತವರು. ಅಂಗಡಿಯ ಹಿಂದೆ ಆಳುದ್ದ ಗುಂಡಿ ತೋಡಿಸಿ, ಇದ್ದಲಿ ಮತ್ತು ಉಪ್ಪು ಪದರ ಪದರ ತುಂಬಿ ಪೈಪು ಹೂಳಿಸಿದ್ದರು. ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕಿದ ಮೇಲೆ ಅದಕ್ಕೂ ಒಂದು ಕೊಡ. ನಮ್ಮಲ್ಲಿ ಎಲ್ಲರೂ ಬೈಯುತ್ತಿದ್ದ ಕಂಪನಿಯ ಒಂದು ಡಿಸ್ಕು ಅವರಲ್ಲಿ ಒಂಬತ್ತು ವರ್ಷ ಓಡಿತು.

ಮೂಡಲಗಿ ಆಗಿನ್ನೂ ಗೋಕಾಕ ತಾಲೂಕಿನೊಳಗಿನ ಊರು. ಅಲ್ಲಿಯ ದನದ ಸಂತೆಯ ವ್ಯಾಪಾರಿ ಗೌಡರೊಬ್ಬರು 2003ರ ಒಂದು ಮಳೆಗಾಲದ ದಿನ ಮಗನ ಸ್ಟುಡಿಯೋಕ್ಕೆಂದು ಸೆಕೆಂಡ್ ಹ್ಯಾಂಡ್ 40 ಜಿಬಿ ಡಿಸ್ಕು ಕೇಳಿಕೊಂಡು ಬಂದರು. ಕಾಕಾ ತೆಗೆದಿಟ್ಟದ್ದನ್ನು ಕೈಯಲ್ಲಿ ತಿರುಗಿಸಿ ನೋಡಿ ಕೇಳಿದರು, "ಹಲ್ಲ ಎಷ್ಟಾವ್ರೀ ಇದಕ್ಕ?"

ನಾನು ತಬ್ಬಿಬ್ಬಾದೆ. ಕಾಕಾ ಆಗಲಿಲ್ಲ. ಲೇಬಲ್ಲಿನ ಮೇಲಿನ ತಯಾರಿಕೆಯ ತಾರೀಖಿಗೆ ಬೆರಳಿಟ್ಟು, "ನಾಕ ಹಲ್ಲು. ದುಡಿಯೂ ವಯಸ್ಸು" ಅಂದರು.

ಗೌಡರು ಹೆಗಲ ಮೇಲಿನ ಟವೆಲ್ ಇಳಿಸಿ ಮುಂದೆ ಚಾಚಿದರು. ಕಾಕಾ ಅದರೊಳಗೆ ಕೈ ಹಾಕಿದರು. ಮಾತಿಲ್ಲ ಕತೆಯಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿಯುವುದು, ಬಿಡುವುದು, ಇವರು ತಲೆಯಾಡಿಸುವುದು, ಅವರು ಹುಬ್ಬೇರಿಸುವುದು. ಮೂರು ಸಲ ಕೈ ಹೊರಗೆ ಬಂತು, ಮೂರು ಸಲ ಒಳಗೆ ಹೋಯಿತು. ಕೊನೆಗೆ ಗೌಡರು, "ಎಮ್ಮಿ ಆದ್ರ ಮೂರ ದಿನ ಹಿಂಡಿ ನೋಡಿ ಒಯ್ತೇನಿ" ಅಂದರು. ಕಾಕಾ ಒಪ್ಪಿದರು. ಡಿಸ್ಕನ್ನು ಅಂಗಡಿಯಲ್ಲೇ ಮೂರು ಹಗಲು ಮೂರು ರಾತ್ರಿ ಓಡಿಸಿದೆವು. ನಾಲ್ಕನೆಯ ದಿನ ಗೌಡರು ಬಂದು, ಸ್ಕ್ರೂಡ್ರೈವರ್ ತಾವೇ ಕಿವಿಗೆ ಹಚ್ಚಿ ಕೇಳಿ, ಹಣ ಎಣಿಸಿದರು. 1,650 ರೂಪಾಯಿಗೆ ಕುದುರಿತ್ತೆಂದು ನನಗೆ ಗೊತ್ತಾದದ್ದು ಆಗಲೇ. ಕೊಳ್ಳುವ ಮಾಲನ್ನು ಅಷ್ಟು ಶ್ರದ್ಧೆಯಿಂದ ನೋಡಿದ ಗಿರಾಕಿಯನ್ನು ಆಮೇಲೆ ನಾನು ಕಾಣಲಿಲ್ಲ.

2007ರಲ್ಲಿ ದೊಡ್ಡ ದೊಡ್ಡವರು ಡಿಸ್ಕು ಕೆಡುವ ಲೆಕ್ಕ ಮಾಡಿ ಹೊರಗಿಟ್ಟರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಲಕ್ಷದಷ್ಟು ಡಿಸ್ಕುಗಳ ದಾಖಲೆ ತಿರುವಿಹಾಕಿದ್ದರು. ಕಂಪನಿಯ ಕಾಗದದಲ್ಲಿ ಸರಾಸರಿ ಬಾಳಿಕೆ 10 ಲಕ್ಷ ತಾಸು ಎಂದಿರುತ್ತದೆ, ಅದರಂತೆ ವರ್ಷಕ್ಕೆ ನೂರಕ್ಕೆ ಒಂದೂ ಕೆಡಬಾರದು. ನಿಜದಲ್ಲಿ ಬದಲಾಯಿಸಬೇಕಾಗಿ ಬಂದದ್ದು ಸಾಮಾನ್ಯವಾಗಿ ಎರಡರಿಂದ ನಾಲ್ಕು, ಕೆಲವು ಕಡೆ 13. ಅದೇ ವರ್ಷ ಗೂಗಲ್‌ನವರು ತಮ್ಮ ಲಕ್ಷಕ್ಕೂ ಹೆಚ್ಚು ಡಿಸ್ಕು ನೋಡಿ, ಸತ್ತವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯ ಮುನ್ಸೂಚನೆ ಯಾವುದನ್ನೂ ಕೊಡದೇ ಹೋದವು ಎಂದರು. ಪ್ರಿಂಟ್ ತೆಗೆದು ಕಾಕಾಗೆ ಓದಿ ಹೇಳಿದೆ. "ಹತ್ತ ಲಕ್ಷ ತಾಸಂದ್ರ ಎಷ್ಟ ವರ್ಷಾತು?" 114 ಎಂದೆ. ಬಹಳ ಹೊತ್ತು ಸುಮ್ಮನಿದ್ದು, "ಅರ್ಧದಷ್ಟು ಸದ್ದಿಲ್ಲದ ಹೋಗತಾವಂದ್ರ ನಾ ಕಿವಿ ಹಚ್ಚಿ ಏನ ಕೇಳಿದೆ?" ಅಂದರು.

ಅವರು ಹಾಗೆ ಅಂದದ್ದಕ್ಕೆ ಕಾರಣವಿತ್ತು. ಮೂಡಲಗಿ ಕಡೆಯ ಪ್ರಾಥಮಿಕ ಶಾಲೆಯ ಮಾಸ್ತರರೊಬ್ಬರು ಏಳು ವರ್ಷ ಸೈಕಲ್ ತುಳಿದು ಮುದುಕಿಯರ ಬಾಯಿಂದ ಬೀಸುಕಲ್ಲಿನ ಪದ ಬರೆದುಕೊಂಡಿದ್ದರು. ನಮ್ಮಲ್ಲೇ ಟೈಪು ಮಾಡಿಸಿದರು, ಬಹುಪಾಲು ನನ್ನ ಕೈಯಿಂದಲೇ. ಕಂಪ್ಯೂಟರಿನಲ್ಲಿ ಐತಲ್ಲ ಎಂದು ವಹಿಗಳನ್ನು ಮನೆಯವರು ರದ್ದಿಗೆ ಹಾಕಿದರು. 2005ರಲ್ಲಿ ಆ ಡಿಸ್ಕು ಟಕ್ ಎಂದಿತು. ಪುಣೆಗೆ ಕಳಿಸಿ ತೆಗೆಸುವಷ್ಟು ದುಡ್ಡು ಮಾಸ್ತರರಲ್ಲಿ ಇರಲಿಲ್ಲ. ಕಾಕಾ ರಾತ್ರಿ ಬಾಗಿಲು ಹಾಕಿಕೊಂಡು, ಫ್ಯಾನು ನಿಲ್ಲಿಸಿ, ಮೇಜಿಗೆ ನೀರು ಚಿಮುಕಿಸಿ ಮುಚ್ಚಳ ಬಿಚ್ಚಿದರು. ಕಬ್ಬಿನ ಹಂಗಾಮು, ಗಾಳಿಯಲ್ಲೆಲ್ಲ ಬೂದಿ. ಕನ್ನಡಿಯಂಥ ತಟ್ಟೆ ತಿರುಗಿತು, ಒಂದು ಸಣ್ಣ ಕಿರ್ರೆಂಬ ಸದ್ದು, ನನ್ನ ಕಣ್ಣೆದುರಿಗೇ ಅದರ ಮೇಲೆ ಉಂಗುರದಂಥ ಗೀರು ಬಿತ್ತು. ಬಿಚ್ಚದೇ ಇಟ್ಟಿದ್ದರೆ ಮುಂದೊಂದು ದಿನ ಯಾರಾದರೂ ತೆಗೆಯಬಹುದಾಗಿತ್ತು. ಕಾಕಾ ಇದನ್ನು ಕೊನೆಯವರೆಗೂ ಮರೆಯಲಿಲ್ಲ. ಎರಡನೇ ಪ್ರತಿಗೆಂದು ಒಂದು ಸಿಡಿ ಬರೆದಿಡದ ತಪ್ಪು ನನ್ನದು. ಆಗ ಸಿಡಿಯ ಬೆಲೆ 15 ರೂಪಾಯಿ.

ಕಾಕಾ 2016ರಲ್ಲಿ ತೀರಿಕೊಂಡರು. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದೊಳಗೆ ಬಂದಾಗ ನಮ್ಮ ಅಂಗಡಿಯ ಅಟ್ಟವೊಂದೇ ನೆನೆಯದೆ ಉಳಿದದ್ದು. ಕೆಸರು ತುಂಬಿದ ಡಬ್ಬಿಗಳನ್ನು ಜನ ಬಿಸಿಲಿಗಿಟ್ಟು, ತಡೆಯಲಾರದೆ ಅವತ್ತೇ ಸ್ವಿಚ್ ಹಾಕಿದರು. ಬೇಡವೆಂದು ಹೇಳುವ ಮನುಷ್ಯ ಇರಲಿಲ್ಲ. ಎಷ್ಟು ಮದುವೆಗಳ ಫೋಟೋ ಆ ವಾರ ಹೋದವೋ.

ಈಗಿನ ಡಿಸ್ಕುಗಳು ಕೆಡುವುದು ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಬ್ಯಾಕ್‌ಬ್ಲೇಜ್‌ನ 2024ರ ಲೆಕ್ಕದಲ್ಲಿ ವರ್ಷಕ್ಕೆ ನೂರಕ್ಕೆ ಒಂದೂವರೆಯಷ್ಟೇ. ಎಸ್‌ಎಸ್‌ಡಿಗಂತೂ ತಿರುಗುವ ತಟ್ಟೆಯೇ ಇಲ್ಲ. ಆದರೆ ಅದು ಹೋಗುವ ದಿನ ಟಕ್ ಎಂದೂ ಅನ್ನುವುದಿಲ್ಲ. ಅಂಗಡಿಯ ಹುಡುಗ ಎರಡು ನಿಮಿಷ ನೋಡಿ, "ಹೊಸದ ಹಾಕಸ್ರಿ" ಅನ್ನುತ್ತಾನೆ. ಒಳಗೆ ಏನಿತ್ತು ಎಂದು ಕೇಳುವುದಿಲ್ಲ. ಸಂತೆಯಲ್ಲಿ ಹಲ್ಲು ತಿದ್ದಿ ಮುದಿ ಎತ್ತು ಮಾರುವವರಿದ್ದಂತೆ, ಓಡಿದ ತಾಸುಗಳ ಲೆಕ್ಕ ಅಳಿಸಿ ಹಳೆಯ ಡಿಸ್ಕನ್ನು ಹೊಸದೆಂದು ಮಾರುವವರೂ ಬಂದಿದ್ದಾರೆ. ಟವೆಲ್ಲಿನ ಕೆಳಗೆ ಕೈ ಹಿಡಿದವರು ಹಾಗೆ ಮಾಡಿದ್ದರೆ ಮುಂದಿನ ವಾರ ಸಂತೆಗೆ ಮುಖ ತೋರಿಸಲಾಗುತ್ತಿರಲಿಲ್ಲ.

ಕೊನೆಗೆ ಅಳಿಯನಿಗೆ ಇಷ್ಟೇ ಹೇಳಿದೆ: ಯಾವ ಕಂಪನಿಯದಾದರೂ ತಗೊ, ಎರಡು ತಗೊ, ಒಂದನ್ನು ನಿಮ್ಮಮ್ಮನ ಹತ್ತಿರ ಇಡು.

ಎರಡೂ ಚೀಲ ಗುಜರಿಗೆ ಹೋದವು. ಉಂಗುರ ಗೀರಿದ ಆ ಒಂದು ಡಿಸ್ಕು ನನ್ನ ಟ್ರಂಕಿನಲ್ಲಿದೆ. ಮಾಸ್ತರರೂ ಈಗಿಲ್ಲ. ಕೌಜಲಗಿ, ಯಾದವಾಡ, ಮೂಡಲಗಿ ಸುತ್ತಿನ ಹಳ್ಳಿಗಳಲ್ಲಿ ಸೈಕಲ್ ಮೇಲೆ ಬಂದ ಮಾಸ್ತರರಿಗೆ ಬೀಸುಕಲ್ಲಿನ ಪದ ಹೇಳಿದ ತಾಯಂದಿರು, ಇಲ್ಲವೇ ಪಕ್ಕದಲ್ಲಿ ಕೂತು ಕೇಳಿದ ಅವರ ಮಕ್ಕಳು ಇದನ್ನು ಓದುತ್ತಿದ್ದರೆ ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ನಾನೇ ಬಂದು ಬರೆದುಕೊಳ್ಳುತ್ತೇನೆ, ಈ ಸಲ ವಹಿಯಲ್ಲಿ.