ಆಗುಂಬೆ ದಾರಿಯಲ್ಲಿ ‘ಟಿಕ್’ ಎಂದ ಕಾರು

ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ ದಾಟಿ ಮಲ್ಪೆಗೆ ಸುಮಾರು 150 ಕಿ.ಮೀ. ಹಸಿರು ಹೊದ್ದ ಚೆಂದದ ದಾರಿ. ಆದರೆ ಒಂದು ವರ್ಷದಿಂದ ಆ ದಾರಿ ನಮ್ಮ ಮನೆಯವಳ ಪಾಲಿಗೆ ಮುಚ್ಚಿಹೋಗಿತ್ತು.

ಕಾರಣ ನಮ್ಮ ಹಳೆಯ ಕಾರು. ಕೀಲಿ ತಿರುಗಿಸಿದರೆ ಒಮ್ಮೊಮ್ಮೆ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತಿತ್ತು. ಒಮ್ಮೊಮ್ಮೆ ‘ಟಿಕ್’ ಎಂದು ಸುಮ್ಮನಾಗುತ್ತಿತ್ತು. ಹೋದ ವರ್ಷ ಘಾಟಿಯ ಬುಡದಲ್ಲಿ ರಾತ್ರಿ ಎರಡು ತಾಸು ಮಳೆಯಲ್ಲಿ ನಿಂತಿದ್ದೆವು. ಅಂದಿನಿಂದ ಅವಳು ಆ ಕಾರು ಹತ್ತಲು ಒಪ್ಪಲಿಲ್ಲ. ಮೊಣಕಾಲು ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾಗದು. ಮಲ್ಪೆಯಲ್ಲಿರುವ ಅವಳ ಅಕ್ಕನಿಗೆ 86 ವರ್ಷ, ಕಣ್ಣು ಮಂಜಾಗುತ್ತಿದೆ. ಪ್ರತಿ ಭಾನುವಾರ ಫೋನಿನಲ್ಲಿ ಒಂದೇ ಪ್ರಶ್ನೆ: “ಯಾವಾಗ ಬರ್ತೀ?”

ಕಾರಿನ ರೋಗಕ್ಕೆ ಮನೆಯಲ್ಲಿ ತಲೆಗೊಂದು ಮಾತು. ಬ್ಯಾಟರಿ ಸತ್ತಿದೆ ಎಂದ ಮಗ, ಹೊಸದು ಹಾಕಿಸಿದೆವು. ಸ್ಟಾರ್ಟರ್ ಮೋಟರ್ ಹೋಗಿದೆ ಎಂದರು ಗ್ಯಾರೇಜಿನವರು, ಅದನ್ನೂ ಬದಲಿಸಿದೆವು. ಮಳೆಯ ತೇವ ಎಂದೆ ನಾನು. “ನಮ್ಮಕ್ಕನ ಮನೆಗೆ ಹೊರಟಾಗಲೇ ಇದಕ್ಕೆ ಮುನಿಸು” ಎಂದಳು ಮನೆಯವಳು. ಗ್ಯಾರೇಜಿಗೆ ಒಯ್ದಾಗೆಲ್ಲ ಕಾರು ಒಳ್ಳೆಯ ಹುಡುಗನ ಹಾಗೆ ಸ್ಟಾರ್ಟ್ ಆಗುತ್ತಿತ್ತು. ಡಾಕ್ಟರ ಬಾಗಿಲಲ್ಲಿ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ. ಕೊನೆಗೆ ಮಾರುವುದೆಂದು ತೀರ್ಮಾನವಾಯಿತು.

ಮಾರುವ ಮುನ್ನ ಒಮ್ಮೆ ಮಲ್ಪೆಗೆ ಹೋಗಿಬರೋಣವೆಂದು ಆಗಸ್ಟ್ ಕೊನೆಯಲ್ಲಿ ಹೊರಟೆವು. ಕತ್ತಲಾಗುವ ಮೊದಲು ಘಾಟಿ ಇಳಿಯಬೇಕು ಎಂಬುದು ಮನೆಯವಳ ಕರಾರು. ಆರನೇ ತರಗತಿಯ ಮೊಮ್ಮಗಳು ಪುಟ್ಟಿ ಒಂದು ನೋಟ್‌ಬುಕ್ ಹಿಡಿದು ಹಿಂದಿನ ಸೀಟಿನಲ್ಲಿ ಕೂತಳು.

“ಅಜ್ಜ, ಎಲ್ಲರೂ ಹೇಳ್ತೀರ. ಯಾರೂ ಬರೆದಿಟ್ಟಿಲ್ಲ. ನಾನು ಬರೀತೀನಿ” ಎಂದಳು. ಎಲ್ಲಿ ನಿಲ್ಲಿಸಿದೆವು, ಎಷ್ಟು ಹೊತ್ತು, ಮಳೆ ಇತ್ತೇ, ಸ್ಟಾರ್ಟ್ ಆಯಿತೇ ಎಂದು ನಾಲ್ಕು ಕಾಲಂ ಎಳೆದಳು.

ಬೆಳಗ್ಗೆ ಏಳೂವರೆಗೆ ಮನೆಯ ಮುಂದೆ ಮೊದಲ ಸಲಕ್ಕೇ ಸ್ಟಾರ್ಟ್. ಗಾಜನೂರು ದಾಟಿ ಸಕ್ರೆಬೈಲಿನ ಆನೆ ಬಿಡಾರದಲ್ಲಿ ಒಂದು ತಾಸು ಕಳೆದೆವು. ತುಂಗೆಯ ಹಿನ್ನೀರಿನಲ್ಲಿ ಮಲಗಿದ ಆನೆಗಳ ಬೆನ್ನನ್ನು ಮಾವುತರು ಉಜ್ಜುತ್ತಿದ್ದರು. ಮರಿಯಾನೆಯೊಂದು ಏಳಲು ಒಪ್ಪದೆ ನೀರಿನಲ್ಲೇ ಹೊರಳಾಡಿತು. ಅಲ್ಲಿಂದಲೂ ಕಾರು ಸಲೀಸಾಗಿ ಹೊರಟಿತು.

ಮುಂದೆ ಮಂಡಗದ್ದೆ. ಇಲ್ಲಿ ತುಂಗೆಯ ನಡುವಿನ ನಡುಗಡ್ಡೆಯ ಮರಗಳಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಮರಕ್ಕೆ ಹತ್ತಿ ಮೆತ್ತಿದ ಹಾಗೆ ಹಕ್ಕಿಗಳು! ಹದಿನೈದು ನಿಮಿಷ ನೋಡಿ ಬಂದು ಕೀಲಿ ತಿರುಗಿಸಿದೆ. ಟಿಕ್. ಮತ್ತೆ ಟಿಕ್. ಮನೆಯವಳು ಮಾತಾಡಲಿಲ್ಲ, ಕಿಟಕಿಯಾಚೆ ನೋಡುತ್ತ ಕೂತಳು.

ಮಕ್ಕಳೇ, ಕಾರು ಹೊರಡದಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ: ಎಂಜಿನ್ ತಿರುಗುತ್ತಿದೆಯೇ, ಇಲ್ಲವೇ? ‘ಕರ್ರ್ ಕರ್ರ್’ ಎಂದು ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪೆಟ್ರೋಲ್ ಅಥವಾ ಕಿಡಿ ತಲುಪುತ್ತಿಲ್ಲ ಎಂದು ಅನುಮಾನಿಸಬೇಕು. ತಿರುಗದೇ ಇದ್ದರೆ ಬ್ಯಾಟರಿ, ಸ್ಟಾರ್ಟರ್ ಮತ್ತು ಅವುಗಳ ನಡುವಿನ ತಂತಿಗಳನ್ನು ನೋಡಬೇಕು. ನಮ್ಮದು ತಿರುಗುತ್ತಿರಲಿಲ್ಲ. ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಹೆಡ್‌ಲೈಟ್ ಹಚ್ಚಿ ಮತ್ತೆ ಕೀಲಿ ತಿರುಗಿಸಿದೆ. ಪಕ್ಕಕ್ಕೆ ನಿಂತಿದ್ದ ಪುಟ್ಟಿ, “ಬೆಳಕು ಒಂಚೂರೂ ಮಂಕಾಗಲಿಲ್ಲ ಅಜ್ಜ” ಎಂದಳು. ಬ್ಯಾಟರಿ ಸೋತಿದ್ದರೆ ದೀಪ ಮಂಕಾಗಬೇಕಿತ್ತು. ಐದನೇ ಸಲಕ್ಕೆ ಕಾರು ತಾನಾಗಿ ಹೊರಟಿತು. ಅವಳು ಬರೆದುಕೊಂಡಳು: “ಮಂಡಗದ್ದೆ. 15 ನಿಮಿಷ. ಮಳೆ ಇಲ್ಲ. ಟಿಕ್.”

ತೀರ್ಥಹಳ್ಳಿಯ ಪೆಟ್ರೋಲ್ ಬಂಕಿನಲ್ಲಿ ಮೂರು ನಿಮಿಷ ನಿಂತೆವು, ಸ್ಟಾರ್ಟ್. ಊಟಕ್ಕೆ ಒಂದು ತಾಸು, ಸ್ಟಾರ್ಟ್. ಆಗುಂಬೆಗೆ ಬರುವಾಗ ಆಕಾಶವೇ ಹರಿದು ಬಿದ್ದಂಥ ಮಳೆ. ಶಂಕರ್ ನಾಗ್ ಅವರು ಆರ್.ಕೆ. ನಾರಾಯಣರ ‘ಮಾಲ್ಗುಡಿ ಡೇಸ್’ ಕತೆಗಳನ್ನು ದೂರದರ್ಶನಕ್ಕಾಗಿ ಚಿತ್ರೀಕರಿಸಿದ ಊರಿದು. ಅಲ್ಲಿನ ದೊಡ್ಡಮನೆಯನ್ನು ಪುಟ್ಟಿಗೆ ತೋರಿಸಿದೆ. ಸೂರ್ಯಾಸ್ತದ ಕಟ್ಟೆಯಲ್ಲಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. 50 ನಿಮಿಷ ಮಳೆಯಲ್ಲಿ ನೆನೆದ ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು! ನನ್ನ ತೇವದ ವಾದ ಆಗುಂಬೆಯ ಮಳೆಯಲ್ಲೇ ಕೊಚ್ಚಿಹೋಯಿತು.

“ಕೈ ಕೊಟ್ಟರೆ ಇಳಿಜಾರಲ್ಲಿ ಬಿಟ್ಟುಬಿಡಿ, ಉರುಳುತ್ತಲೇ ಸ್ಟಾರ್ಟ್ ಆಗುತ್ತೆ” ಎಂದರು ಚಹಾ ಅಂಗಡಿಯಲ್ಲಿ ಒಬ್ಬರು. ಸಮತಟ್ಟಿನಲ್ಲಿ ಕಾರನ್ನು ತಳ್ಳಿ ಸ್ಟಾರ್ಟ್ ಮಾಡುವುದುಂಟು. ಘಾಟಿಯಲ್ಲಿ ಮಾತ್ರ ಕೂಡದು. ಎಂಜಿನ್ ನಿಂತಿದ್ದರೆ ಬ್ರೇಕಿಗೆ ಸಿಗುವ ಸಹಾಯವೂ ನಿಲ್ಲುತ್ತದೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮುಂದಿರುವುದು 14 ಹೇರ್‌ಪಿನ್ ತಿರುವುಗಳು. ಸಣ್ಣ ಗೇರಿನಲ್ಲಿ, ನಿಧಾನವಾಗಿ, ಎಲ್ಲೂ ಎಂಜಿನ್ ನಿಲ್ಲಿಸದೆ ಇಳಿದೆವು.

ಬುಡದ ಸೋಮೇಶ್ವರದಲ್ಲಿ ಮನೆಯವಳ ಕಾಲು ಚಾಚಿಸಲೆಂದು 15 ನಿಮಿಷ ನಿಲ್ಲಿಸಿದೆವು. ಹೊರಡುವಾಗ, ಟಿಕ್.

“ಅಜ್ಜ, ಸಿಕ್ತು!” ಪುಟ್ಟಿ ನೋಟ್‌ಬುಕ್ ಚಾಚಿದಳು. “ಮೂರು ನಿಮಿಷ ನಿಂತರೆ ಸರಿ. ಒಂದು ತಾಸು ನಿಂತರೂ ಸರಿ. ಎರಡು ಸಲ 15 ನಿಮಿಷ ನಿಂತೆವು, ಎರಡು ಸಲವೂ ಟಿಕ್!”

ನನಗೆ ಹೊಳೆಯಿತು. ಓಡುವ ಎಂಜಿನ್ನನ್ನು ಗಾಳಿಯೂ ಒಳಗೆ ಸುತ್ತುವ ನೀರೂ ತಣಿಸುತ್ತಿರುತ್ತವೆ. ನಿಲ್ಲಿಸಿದೊಡನೆ ಎರಡೂ ನಿಲ್ಲುತ್ತವೆ. ಒಳಗಿನ ಕಾವು ಸುತ್ತಲಿನ ಭಾಗಗಳಿಗೆ ಹರಿದು, ಹತ್ತಿಪ್ಪತ್ತು ನಿಮಿಷದಲ್ಲಿ ಅವು ಓಡುವಾಗಿಗಿಂತ ಹೆಚ್ಚು ಬಿಸಿಯಾಗುತ್ತವೆ. ಆಮೇಲೆ ಆರುತ್ತವೆ. ಯಾವುದೋ ಒಂದು ಭಾಗ ಆ ಬಿಸಿಯಲ್ಲಿ ಮಾತ್ರ ಕೈಕೊಡುತ್ತಿದೆ!

ಹೇಗೋ ಸ್ಟಾರ್ಟ್ ಆದ ಕಾರನ್ನು ಹೆಬ್ರಿಯ ಒಂದು ಸಣ್ಣ ಗ್ಯಾರೇಜಿಗೆ ತಂದೆವು. “ಎಂತ ಪ್ರಾಬ್ಲಂ ಸರ್?” ಎಂದು ಯುವಕನೊಬ್ಬ ಬಂದ. ಕೀಲಿ ತಿರುಗಿಸಿದರೆ ಕಾರು ಸ್ಟಾರ್ಟ್! “ಸರಿ ಉಂಟಲ್ಲ?” ಎಂದ.

“ಮಾಮ, ಆಫ್ ಮಾಡಿ 15 ನಿಮಿಷ ಕಾಯಿರಿ” ಎಂದಳು ಪುಟ್ಟಿ. ಅವನು ನೋಟ್‌ಬುಕ್ ಓದಿ, “ಭಾರಿ ಉಂಟು ಮಗಾ!” ಎಂದು ನಕ್ಕು, ಕಾದ. ಟಿಕ್.

ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೆ ಹಿಡಿದು ಕೀಲಿ ತಿರುಗಿಸಲು ಹೇಳಿದ. ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕಾದ ಕಡೆ ಮೀಟರ್ 7 ವೋಲ್ಟ್ ತೋರಿಸಿತು. ದಪ್ಪನೆಯ ಕೇಬಲ್ಲೊಂದರಿಂದ ಆ ಎರಡು ಜಾಗಗಳನ್ನು ಜೋಡಿಸಿದ. ಕಾರು ತಕ್ಷಣ ಸ್ಟಾರ್ಟ್. ಆಫ್ ಮಾಡಿ ಕೇಬಲ್ ತೆಗೆದ, ಟಿಕ್. ಮತ್ತೆ ಜೋಡಿಸಿದ, ಸ್ಟಾರ್ಟ್.

“ಅರ್ತ್ ಸರ್” ಎಂದ.

ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋದ ಕರೆಂಟ್ ಎಂಜಿನ್ನಿನ ಲೋಹದ ಮೂಲಕ, ಒಂದು ಅರ್ತ್ ಪಟ್ಟಿಯನ್ನು ದಾಟಿ ಬ್ಯಾಟರಿಗೆ ಮರಳಬೇಕು. ಆ ಪಟ್ಟಿಯ ಬೋಲ್ಟಿನಡಿ ತುಕ್ಕು ಕೂತು ಸಡಿಲವಾಗಿತ್ತು. ಬಿಸಿಗೆ ಲೋಹ ಹಿಗ್ಗಿದಾಗ ಹಿಡಿತ ಇನ್ನೂ ತಪ್ಪುತ್ತಿತ್ತು. ಹೋಗುವ ರಸ್ತೆ ಸರಿಯಿದ್ದು, ಬರುವ ಸೇತುವೆ ಕುಸಿದ ಹಾಗೆ. ‘ಟಿಕ್’ ಎನ್ನಿಸುವಷ್ಟು ಸಣ್ಣ ಕರೆಂಟ್ ದಾಟುತ್ತಿತ್ತು. ಎಂಜಿನ್ ತಿರುಗಿಸಲು ಬೇಕಾದ ನೂರಕ್ಕೂ ಹೆಚ್ಚು ಆಂಪಿಯರ್ ದಾಟುತ್ತಿರಲಿಲ್ಲ. ದೀಪಗಳ ಕರೆಂಟಿಗೆ ಬೇರೆ ದಾರಿಯಿತ್ತು, ಅವು ಮಂಕಾಗಲಿಲ್ಲ.

ನನಗೆ ನಾಚಿಕೆಯಾಯಿತು. ನಾನು 34 ವರ್ಷ ಲೈನ್‌ಮನ್ ಕೆಲಸ ಮಾಡಿದವನು. ಊರೆಲ್ಲ ತಿರುಗಿ “ಮೊದಲು ಅರ್ತ್ ನೋಡಿ” ಎಂದು ಹೇಳಿದವನು!

ಅವನು ಬ್ಯಾಟರಿ ಕಳಚಿ, ಕೂಡಿಕೆಯನ್ನು ಎಮರಿ ಪೇಪರಿನಲ್ಲಿ ಹೊಳೆಯುವಂತೆ ಉಜ್ಜಿ, ಹೊಸ ಪಟ್ಟಿ ಬಿಗಿದು ಗ್ರೀಸ್ ಹಚ್ಚಿದ. 250 ರೂಪಾಯಿ ತೆಗೆದುಕೊಂಡ. ಪುಟ್ಟಿಯ ಹಟಕ್ಕೆ ಇನ್ನೊಮ್ಮೆ ಎಂಜಿನ್ ಬಿಸಿ ಮಾಡಿ, 15 ನಿಮಿಷ ಕಾದು ನೋಡಿದೆವು. ಸ್ಟಾರ್ಟ್!

ಹೊಸ ಬ್ಯಾಟರಿ, ಹೊಸ ಸ್ಟಾರ್ಟರಿಗೆಂದು ಸಾವಿರಾರು ರೂಪಾಯಿ ಸುರಿದಿದ್ದೆವು. ಬಂದು ಹೋಗುವ ರೋಗಕ್ಕೆ ಮೊದಲು ಬೇಕಿದ್ದದ್ದು ಅದು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬ ಲೆಕ್ಕ. ನಿಮ್ಮ ಮನೆಯ ಮಿಕ್ಸಿಯೋ ಪಂಪೋ ಹೀಗೆ ಆಟವಾಡಿಸಿದರೆ, ಬಿಚ್ಚಲು ಹೋಗಬೇಡಿ, ನೋಟ್‌ಬುಕ್ ತೆರೆಯಿರಿ. ರಿಪೇರಿ ಮಾಡುವವರಿಗೆ ಅದನ್ನು ತೋರಿಸಿ.

ಮಲ್ಪೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಅಕ್ಕ ಜಗಲಿಯಲ್ಲೇ ಕೂತಿದ್ದರು. ತಂಗಿಯ ಮುಖವನ್ನು ಎರಡೂ ಕೈಯಲ್ಲಿ ತಡವಿ, “ಬಂದ್ಯಾ?” ಎಂದರು. ಮನೆಯವಳು ತುಂಬ ಹೊತ್ತು ಆ ಕೈ ಬಿಡಲಿಲ್ಲ.

ಮರುದಿನ ಬೆಳಗ್ಗೆ ಅಕ್ಕನಿಗೆ ಸಮುದ್ರದ ಗಾಳಿ ಬೇಕೆನಿಸಿತು. ನಾಲ್ವರೂ ದಡಕ್ಕೆ ಹೋಗಿ ಹದಿನೈದೇ ನಿಮಿಷಕ್ಕೆ ಹಿಂತಿರುಗಿದೆವು. ಕೀಲಿ ತಿರುಗಿಸುವಾಗ ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು, ಏನೂ ತಿಳಿಯದ ಅಕ್ಕನನ್ನು ಬಿಟ್ಟು. ಕಾರು ಸ್ಟಾರ್ಟ್ ಆಯಿತು.

“ದೀಪಾವಳಿಗೂ ಬರ್ತೇವೆ ಅಕ್ಕ” ಎಂದಳು ಮನೆಯವಳು.

ಕಾರು ಕೊಳ್ಳಲು ಬರಬೇಕಿದ್ದವರಿಗೆ ನಾನು ಅಲ್ಲಿಂದಲೇ ಫೋನ್ ಮಾಡಿ, ಬರಬೇಡಿ ಎಂದೆ.