ಬೆಟ್ಟದ ಜಿರಳೆಗಳ ಕುಲ ಯಾವುದು?

ಜಿರಳೆ ಎಂದರೆ ಅಡುಗೆಮನೆ ಸಿಂಕಿನ ಕೆಳಗಿನ ಬೆಚ್ಚನೆಯ ಮೂಲೆ ನೆನಪಾಗುತ್ತದೆ. ನ್ಯೂಜಿಲೆಂಡಿನ ಒಟಾಗೊದಲ್ಲಿ ಅದು ಬೆಟ್ಟದ ನೆತ್ತಿಯಲ್ಲೂ ಇದೆ.

ಅಲ್ಲಿನ ರಾಕ್ ಅಂಡ್ ಪಿಲ್ಲರ್ ಬೆಟ್ಟಸಾಲಿನ ಗಾಳಿ ಬೀಸುವ ತುದಿಯಲ್ಲಿ, ಚಪ್ಪಡಿ ಕಲ್ಲುಗಳಡಿ ಸೆಲಾಟೊಬ್ಲಾಟಾ ಕ್ವಿಂಕ್ವೆಮ್ಯಾಕುಲಾಟಾ ಬದುಕುತ್ತದೆ. ಚಳಿಗಾಲದ ರಾತ್ರಿ ಅದರ ಮೈಯೊಳಗಿನ ಬಹುಪಾಲು ನೀರು ಹೆಪ್ಪುಗಟ್ಟುತ್ತದೆ. ಬಿಸಿಲೇರಿದರೆ ಕರಗುತ್ತದೆ, ಜಿರಳೆ ಎದ್ದು ನಡೆಯುತ್ತದೆ. ಮಂಜಿನ ಹರಳುಗಳು ಜೀವಕೋಶಗಳ ಹೊರಗೆ ಬೆಳೆಯುವುದರಿಂದ ಒಳಭಾಗ ಉಳಿದುಕೊಳ್ಳುತ್ತದೆ. ಟ್ರೆಹಲೋಸ್ ಎಂಬ ಸಕ್ಕರೆಯೂ ಚಳಿಗಾಲದಲ್ಲಿ ಅದರ ಮೈಯಲ್ಲಿ ಹೆಚ್ಚುತ್ತದೆ.

ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಕ್ರಿಪ್ಟೊಸರ್ಕಸ್ ಕಥೆ ಇನ್ನೂ ಸ್ವಾರಸ್ಯದ್ದು. ಕೊಳೆತ ದಿಮ್ಮಿಯನ್ನು ಕೊರೆದು, ಗಂಡು ಹೆಣ್ಣು ಜೊತೆಯಾಗಿ ಮರಿ ಸಾಕುವ ಜಿರಳೆ ಇದು. 1862ರಲ್ಲಿ ಕೀಟವಿಜ್ಞಾನಿ ಸ್ಕಡರ್ ಹೆಸರಿಟ್ಟ ಮೇಲೆ ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿರುವುದು ಒಂದೇ ಪ್ರಭೇದ ಎಂದೇ ತಿಳಿಯಲಾಗಿತ್ತು. ಹೊರನೋಟಕ್ಕೆ ಎಲ್ಲವೂ ಒಂದೇ. ಆದರೆ ಕ್ರೋಮೋಸೋಮ್ ಎಣಿಸಿದಾಗ ಗಂಡುಗಳಲ್ಲಿ ಒಂದು ಬೆಟ್ಟದವಕ್ಕೆ 37, ಇನ್ನೊಂದರವಕ್ಕೆ 39, ಮತ್ತೆ ಕೆಲವಕ್ಕೆ 43, 45! ಡಿಎನ್‌ಎ ಹೋಲಿಕೆಯೂ ಸೇರಿ, 1999ರಲ್ಲಿ ಅಲ್ಲಿಂದ ಮೂರು ಹೊಸ ಪ್ರಭೇದಗಳಿಗೆ ಹೆಸರು ಬಂತು.

ಹೀಗಾಗಿ ‘ಬೆಟ್ಟದ ಜಿರಳೆ’ ಎಂಬ ಒಂದೇ ವಂಶ ಇಲ್ಲ. ಒಟಾಗೊದ್ದು ನಮ್ಮ ಮೋರಿಗಳ ದೊಡ್ಡ ಕಂದು ಜಿರಳೆ ಸೇರಿರುವ ಬ್ಲಾಟಿಡೆ ಕುಟುಂಬದ್ದು. ಅಪಲಾಚಿಯನ್ನಿನದಕ್ಕೆ ಉಳಿದ ಜಿರಳೆಗಳಿಗಿಂತ ಗೆದ್ದಲೇ ಹತ್ತಿರದ ನೆಂಟ. ಮರ ಜೀರ್ಣಿಸಲು ಅದರ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳಿಗೂ ಗೆದ್ದಲಿನ ಹೊಟ್ಟೆಯವಕ್ಕೂ ನಂಟಿದೆ. ಗೆದ್ದಲನ್ನೇ ಈಗ ವಿಜ್ಞಾನಿಗಳು ಜಿರಳೆಗಳ ಗಣದೊಳಗೆ ಸೇರಿಸಿದ್ದಾರೆ.