ಲೆಕ್ಕ ಯಾರ ಕೈಯಲ್ಲಿದೆ?

ನಮ್ಮ ಕೇರಿಗೆ ಲೆಕ್ಕ ಹೊಸದಲ್ಲ, ಲೆಕ್ಕದ ಪುಸ್ತಕ ಹೊಸದು. ಯಾರ ಹೊಲದಲ್ಲಿ ಎಷ್ಟು ದಿನ ದುಡಿದೆವು, ಯಾವ ಮನೆಯಿಂದ ಎಷ್ಟು ಸೇರು ರಾಗಿ ಬರಬೇಕು ಎಂಬುದನ್ನು ನಮ್ಮ ಹಿರಿಯರು ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಎಳೆದು ಇಟ್ಟುಕೊಳ್ಳುತ್ತಿದ್ದರು. ಆದರೆ ನ್ಯಾಯ ಪಂಚಾಯ್ತಿಗೆ ಸಾಕ್ಷಿಯಾಗಿ ಬರುತ್ತಿದ್ದದ್ದು ಆ ಗೋಡೆಯಲ್ಲ, ಸಾಹುಕಾರನ ಪುಸ್ತಕ. ಅದರಲ್ಲಿ ಬರೆಯುವವನು ಅವನು, ಓದುವವನು ಅವನು, ಕೂಡಿ ಕಳೆಯುವವನೂ ಅವನೇ. ನಮ್ಮದು ಅಂತ ಅಲ್ಲಿ ಇದ್ದದ್ದು ಒಂದು ಹೆಬ್ಬೆಟ್ಟಿನ ಗುರುತು. "ನಿಮ್ತಾತ ಹೆಬ್ಬೆಟ್ಟು ಒತ್ತಿದ್ದು ಒಂದೇ ಸಲ ಕಣ್ಮಗಾ, ಬಡ್ಡಿ ಓಡಿದ್ದು ನಿಮ್ಮಪ್ಪನ ಕಾಲದವರ್ಗೂ" ಎಂದು ನಮ್ಮ ಅವ್ವಂದಿರು ಹೇಳುತ್ತಿದ್ದರು. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. ಕಾನೂನಿನ ಮಟ್ಟಿಗೆ ಜೀತದ ಸಾಲಗಳು ವಜಾ ಆದವು. ಪುಸ್ತಕ ಮಾತ್ರ ನಮ್ಮ ಕೈಗೆ ಬರಲಿಲ್ಲ.

ಆ ಪುಸ್ತಕ ಓದುವುದನ್ನು ಕಲಿಯಬೇಕು ಅಂತಲೇ ನಾವು ಹಾಸ್ಟೆಲಿನ ನಾಲ್ಕು ಜನ ಕಾಮರ್ಸ್ ತೆಗೆದುಕೊಂಡೆವು. ಆಗ ನಮಗೆ ಬುದ್ಧಿ ಹೇಳಿದವರು ಬಹಳ. "ಬಿ.ಎ. ಮಾಡಿ ಮೇಷ್ಟ್ರಾಗ್ರೋ. ಕಾಮರ್ಸು ಅಂಗಡಿ ಇರೋರ ಮಕ್ಕಳ ಓದು, ನಿಮಗ್ಯಾಕೆ?" ಎಂದರು. ಅವರಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಬಾಬಾಸಾಹೇಬರು ಮೇಷ್ಟ್ರಾಗಿದ್ದದ್ದು ವಾಣಿಜ್ಯ ಕಾಲೇಜಿನಲ್ಲಿ. 1913ರಲ್ಲಿ ಶುರುವಾದ ಮುಂಬಯಿಯ ಸಿಡನ್‌ಹ್ಯಾಂ ವಾಣಿಜ್ಯ ಕಾಲೇಜಿಗೆ 1918ರಲ್ಲಿ ಅವರು ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಸೇರಿದರು. ಮುಂದೆ 1923ರಲ್ಲಿ ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಗ್ರಂಥ ಲಂಡನ್ನಿನಲ್ಲಿ ಅಚ್ಚಾಯಿತು. ಚೌಕದಲ್ಲಿ ನಿಂತ ಬಾಬಾಸಾಹೇಬರ ಕೈಯಲ್ಲಿ ನಾವು ಸಂವಿಧಾನವನ್ನು ನೋಡುತ್ತೇವೆ. ಅದೇ ಕೈ ನಾಣ್ಯದ ಲೆಕ್ಕವನ್ನೂ, ಬಡ್ಡಿಯ ಲೆಕ್ಕವನ್ನೂ ಬರೆದದ್ದನ್ನು ನಾವು ಮರೆತಿದ್ದೇವೆ. ಆ ಕಾಲೇಜಿನಲ್ಲಿ ಪ್ರಾಧ್ಯಾಪಕರಿಗೆಂದು ಇಟ್ಟಿದ್ದ ನೀರಿನ ಹೂಜಿಯನ್ನು ಅವರು ಮುಟ್ಟಕೂಡದು ಎಂದು ಕೆಲವು ಸಹೋದ್ಯೋಗಿಗಳು ತಕರಾರು ತೆಗೆದರಂತೆ. ಪಾಠ ಹೇಳಬಹುದು, ಹೂಜಿ ಮುಟ್ಟಬಾರದು!

ನಮ್ಮ ಕಾಲಕ್ಕೆ ಆ ಹೂಜಿಯ ಜಾಗದಲ್ಲಿ ಕಂಪ್ಯೂಟರ್ ಕೂತಿತ್ತು. ನಾವು ಓದಿದ ತಾಲ್ಲೂಕು ಕಾಲೇಜಿನಲ್ಲಿ ಒಂದು ಕಂಪ್ಯೂಟರ್ ಕೋಣೆ. ಅದಕ್ಕೊಂದು ಬೀಗ. ವಾರಕ್ಕೊಂದು ಸಲ ಬಾಗಿಲು ತೆರೆಯುತ್ತಿತ್ತು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಒಂದು ಯಂತ್ರಕ್ಕೆ ಐದು ಜನ. ಮನೆಯಲ್ಲಿ ಕಂಪ್ಯೂಟರ್ ಇದ್ದವನು ಕುರ್ಚಿಯಲ್ಲಿ ಕೂರುವನು, ಅವನ ಗೆಳೆಯ ಪಕ್ಕದಲ್ಲಿ, ನಾವು ಹಿಂದೆ. ಕೈ ಮುಂದೆ ಮಾಡಿದರೆ ಅಟೆಂಡರ್ ಗದರಿಸುವನು: "ಮುಟ್ಟಬೇಡ್ರೋ, ಕೆಟ್ಟೋದ್ರೆ ನಿಮ್ಮಪ್ಪ ಕಟ್ಕೊಡ್ತಾನಾ?" ಆ ಮನುಷ್ಯನಿಗೆ ಜಾತಿ ಕೇಳಿ ಗೊತ್ತಿರಲಿಲ್ಲವೇನೋ. ಆದರೆ 'ಮುಟ್ಟಬೇಡ' ಎಂಬ ಮಾತು ಬೇರೆಯವರ ಕಿವಿಗೆ ಬಿದ್ದ ಹಾಗೆ ನಮ್ಮ ಕಿವಿಗೆ ಬೀಳುವುದಿಲ್ಲ. ಮೂರು ವರ್ಷದ ಓದಿನಲ್ಲಿ ನಮ್ಮ ಬೆರಳು ಕೀಲಿಮಣೆಯ ಮೇಲೆ ಇದ್ದ ಹೊತ್ತನ್ನು ಒಟ್ಟು ಸೇರಿಸಿದರೆ ಒಂದು ಸಿನಿಮಾ ನೋಡುವಷ್ಟೂ ಆಗುವುದಿಲ್ಲ. ಅಂಕಪಟ್ಟಿಯಲ್ಲಿ ಮಾತ್ರ ಕಂಪ್ಯೂಟರ್ ವಿಷಯಕ್ಕೆ ಪಾಸು.

ಈಗ ಕಾಲ ಬದಲಾಗಿದೆ ಎನ್ನುತ್ತಾರೆ. ಬದಲಾಗಿದೆ, ನಿಜ. ನಮ್ಮ ಕೇರಿಯ ಹುಡುಗಿಯರ ಕೈಯಲ್ಲಿ ಫೋನಿದೆ, ಹೋಬಳಿ ಊರಲ್ಲೂ ಮೂರು ತಿಂಗಳ ಟ್ಯಾಲಿ ಕೋರ್ಸಿನ ಬೋರ್ಡು ನೇತಾಡುತ್ತಿದೆ. ಯಂತ್ರ ಮುಟ್ಟಬೇಡ ಎನ್ನುವವರು ಈಗ ಕಡಿಮೆ. ಹಾಗಾದರೆ ನಮ್ಮ ತಕರಾರು ಏನು? ಅದನ್ನು ಹೇಳಬೇಕಾದರೆ ಈ ಯಂತ್ರದ ಲೆಕ್ಕ ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು.

1978ರಲ್ಲಿ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿ ಓದುತ್ತಿದ್ದ. ಕೋಷ್ಟಕದಲ್ಲಿ ಒಂದು ಅಂಕಿ ಬದಲಾದರೆ ಅದಕ್ಕೆ ಸೇರಿದ ಉಳಿದ ಅಂಕಿಗಳನ್ನೆಲ್ಲ ಅಳಿಸಿ ಮತ್ತೆ ಬರೆಯಬೇಕಾದ ಗೋಳು ಅವನಿಗೆ ಗೊತ್ತಿತ್ತು. ಒಂದು ಬದಲಿಸಿದರೆ ಉಳಿದವೆಲ್ಲ ತಾವೇ ಬದಲಾಗುವ ಹಾಗಿದ್ದರೆ ಎಂದುಕೊಂಡ. ಬಾಬ್ ಫ್ರಾಂಕ್‌ಸ್ಟನ್ ಎಂಬ ಗೆಳೆಯನೊಂದಿಗೆ ಸೇರಿ ಅವನು ಮಾಡಿದ ವಿಸಿಕ್ಯಾಲ್ಕ್ 1979ರಲ್ಲಿ ಮಾರಾಟಕ್ಕೆ ಬಂತು. ಇವತ್ತಿನ ಎಕ್ಸೆಲ್ ಹಾಳೆ ಅದರ ಮೊಮ್ಮಗ. ನಮ್ಮ ಬೆಂಗಳೂರಿನ ಟ್ಯಾಲಿಯ ಕತೆಯೂ ಇಂಥದ್ದೇ. ಗಿರಣಿಗಳಿಗೆ ಸಾಮಾನು ಸರಬರಾಜು ಮಾಡುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅದನ್ನು ಮಾಡಲು ಕೂತರು. 1986ರಲ್ಲಿ ಅಪ್ಪ ಮಗ ಸೇರಿ ಕಂಪನಿ ಕಟ್ಟಿದರು. ಪ್ರತಿ ಖಾತೆಗೂ ಒಂದು ಸಂಕೇತದ ಅಂಕಿ ನೆನಪಿಟ್ಟುಕೊಳ್ಳುವ ಕಷ್ಟ ತಪ್ಪಿ, ಖಾತೆಯ ಹೆಸರನ್ನೇ ಬರೆಯುವ ಹಾಗಾಯಿತು.

ಈ ಎರಡು ಕತೆಯಲ್ಲೂ ಒಂದು ಮಾತು ಸಮಾನ. ಇವರಿಗೆಲ್ಲ ಲೆಕ್ಕ ಮೊದಲೇ ಗೊತ್ತಿತ್ತು, ಅದರ ಶ್ರಮ ಉಳಿಸಲು ಯಂತ್ರ ಬೇಕಾಯಿತು. ನಮ್ಮ ಮಕ್ಕಳಿಗೆ ಆಗುತ್ತಿರುವುದು ತಿರುಗಾಮುರುಗಾ. ಯಂತ್ರ ಕೊಟ್ಟು ಲೆಕ್ಕವನ್ನು ಬಚ್ಚಿಡುತ್ತಿದ್ದಾರೆ.

ಮೂರು ತಿಂಗಳ ಕೋರ್ಸಿನಲ್ಲಿ ಏನು ಹೇಳಿಕೊಡುತ್ತಾರೆ? ಎಫ್ 5 ಒತ್ತಿದರೆ ಪೇಮೆಂಟು, ಎಫ್ 6 ರಸೀದಿ, ಎಫ್ 7 ಜರ್ನಲ್, ಎಫ್ 8 ಮಾರಾಟ, ಎಫ್ 9 ಖರೀದಿ. ಮಗ್ಗಿ ಉರುಹೊಡೆದ ಹಾಗೆ ನಮ್ಮ ಹುಡುಗಿಯರು ಇದನ್ನು ಹೇಳುತ್ತಾರೆ. ಅವರಲ್ಲೊಬ್ಬಳು ಪೇಟೆಯ ಒಂದು ಕಚೇರಿಗೆ ಕೆಲಸ ಕೇಳಲು ಹೋದಳು. "ಜರ್ನಲ್ ಎಂಟ್ರಿ ಯಾವಾಗ ಹಾಕ್ತೀಯಮ್ಮಾ?" ಎಂದು ಕೇಳಿದರು. "ಎಫ್ 7 ಒತ್ತಿದಾಗ ಸಾರ್" ಎಂದಳು. ಅವರು ನಕ್ಕರು, ನಕ್ಕು ಕೆಲಸವನ್ನೂ ಕೊಟ್ಟರು. ಯಾಕೆಂದರೆ ಅವರಿಗೆ ಬೇಕಾಗಿದ್ದದ್ದು ಬೆರಳು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಮೇಲೆ ಇಂಥ ಬೆರಳುಗಳಿಗೆ ಬೇಡಿಕೆ ಹೆಚ್ಚಾಗಿದೆ. ತಿಂಗಳ 11ಕ್ಕೆ ಒಂದು ರಿಟರ್ನು, 20ಕ್ಕೆ ಇನ್ನೊಂದು. ಆ ತಾರೀಖು ಹತ್ತಿರ ಬಂದರೆ ನಮ್ಮ ಹುಡುಗಿಯರು ಕೊನೇ ಬಸ್ಸು ತಪ್ಪುವವರೆಗೂ ಬಿಲ್ಲು ಹೊಡೆಯುತ್ತಾರೆ. ಬಸ್ಸಿನ ಚಾರ್ಜು, ಮಧ್ಯಾಹ್ನದ ಊಟ ಕಳೆದರೆ ಸಂಬಳದಲ್ಲಿ ಉಳಿಯುವುದು ಎಷ್ಟು? ಆ ಲೆಕ್ಕವನ್ನು ಯಾವ ತಂತ್ರಾಂಶವೂ ಬರೆಯುವುದಿಲ್ಲ.

"ಆದ್ರೆ ಟ್ಯಾಲಿ ಆಯ್ತಲ್ಲಣ್ಣ, ಎರಡೂ ಕಡೆ ಸಮ ಬಂತಲ್ಲ?" ಎಂದು ಆ ಹುಡುಗಿ ನಮ್ಮನ್ನು ಕೇಳಿದಳು. ಬಂತು, ಬಂದೇ ಬರುತ್ತದೆ. ಡೆಬಿಟ್ಟು ಕ್ರೆಡಿಟ್ಟು ಸಮ ಇಲ್ಲದಿದ್ದರೆ ಯಂತ್ರ ಆ ನಮೂದನ್ನು ಒಪ್ಪಿಕೊಳ್ಳುವುದೇ ಇಲ್ಲ. ಆದರೆ ವರ್ಷಗಟ್ಟಲೆ ಬಾಳುವ ಯಂತ್ರ ಕೊಂಡದ್ದನ್ನು ದಿನದ ಖರ್ಚಿಗೆ ಬರೆದರೂ ಎರಡೂ ಕಡೆ ಸಮವೇ ಬರುತ್ತದೆ. ಮನೆಯ ಮದುವೆ ಖರ್ಚನ್ನು ಅಂಗಡಿಯ ಖರ್ಚೆಂದು ಬರೆದರೂ ಸಮವೇ. ತಾಳೆಯಾಗಿದೆ ಎಂದ ಮಾತ್ರಕ್ಕೆ ಸತ್ಯವಾಗಿದೆ ಎಂದಲ್ಲ. ಸಾಹುಕಾರನ ಪುಸ್ತಕವೂ ತಾಳೆಯಾಗುತ್ತಿತ್ತು! ಜೋಡಿ ನಮೂದಿನ ಈ ಪದ್ಧತಿಯನ್ನು ವೆನಿಸ್ಸಿನ ವ್ಯಾಪಾರಿಗಳು ಬಳಸುತ್ತಿದ್ದರು. 1494ರಲ್ಲಿ ಲೂಕಾ ಪಾಚೋಲಿ ಎಂಬ ಸನ್ಯಾಸಿ ಅದನ್ನು ವಿವರಿಸಿ ಅಚ್ಚು ಹಾಕಿಸಿದ. ಐನೂರು ವರ್ಷ ದಾಟಿದರೂ ಅದರ ತಿರುಳು ಬದಲಾಗಿಲ್ಲ: ಕೊಟ್ಟವರು ಯಾರು, ಪಡೆದವರು ಯಾರು, ಯಾವ ಕಾರಣಕ್ಕೆ? ಈ ಮೂರು ಪ್ರಶ್ನೆ ಕೇಳುವುದನ್ನು ಕಲಿಸದೆ ಕೀಲಿ ಒತ್ತುವುದನ್ನು ಕಲಿಸಿದರೆ ಅದೂ ಹೆಬ್ಬೆಟ್ಟೇ. ಮೊದಲು ಒಂದು ಬೆರಳು ಒತ್ತುತ್ತಿದ್ದೆವು, ಈಗ ಹತ್ತು ಬೆರಳು.

ದೊಡ್ಡ ಮ್ಯಾನೇಜ್‌ಮೆಂಟ್ ಶಾಲೆಗಳಲ್ಲಿ ಇದೇ ಎಕ್ಸೆಲ್ ಹಾಳೆಯನ್ನು ಬೇರೆ ಥರ ಕಲಿಸುತ್ತಾರೆ. ಬೆಲೆ ಏರಿಸಿದರೆ ಏನಾಗುತ್ತದೆ, ಬಡ್ಡಿ ಇಳಿದರೆ ಏನಾಗುತ್ತದೆ, ಕೂಲಿಯನ್ನು ನೂರಕ್ಕೆ ಐದು ಕಡಿಮೆ ಮಾಡಿದರೆ ಲಾಭ ಎಷ್ಟು ಏರುತ್ತದೆ ಎಂದು ಅಲ್ಲಿಯವರು ಅಂಕಿ ಬದಲಿಸಿ ನೋಡುತ್ತಾರೆ. ಆ ಹಾಳೆಯ ಒಂದು ಮನೆಯೊಳಗೆ ನಮ್ಮ ಅಪ್ಪ ಅವ್ವಂದಿರ ಕೂಲಿ ಕೂತಿದೆ. ಒಬ್ಬರಿಗೆ 'ಹೀಗಾದರೆ ಹೇಗೆ' ಎಂದು ಕೇಳುವ ವಿದ್ಯೆ, ಇನ್ನೊಬ್ಬರಿಗೆ 'ಹೇಳಿದ್ದನ್ನು ಹೊಡಿ' ಎನ್ನುವ ವಿದ್ಯೆ. ಯಂತ್ರ ಒಂದೇ, ಓದು ಎರಡು. ಹಳೇ ವರ್ಣಪದ್ಧತಿ ಹೊಸ ಪಠ್ಯಕ್ರಮದ ವೇಷ ತೊಟ್ಟರೆ ಹೀಗಲ್ಲದೆ ಇನ್ನು ಹೇಗಿರುತ್ತದೆ?

ಪ್ರಶ್ನೆ ಕೇಳುವ ವಿದ್ಯೆ ನಮ್ಮವರ ಕೈಗೆ ಬಂದರೆ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. ನಮ್ಮ ಗೆಳೆಯನ ತಂಗಿ ಬಿ.ಕಾಂ. ಎರಡನೇ ವರ್ಷದಲ್ಲಿದ್ದಳು. ಅವಳ ಅವ್ವನೂ ಸೇರಿ ಕೇರಿಯ ಹತ್ತು ಹೆಂಗಸರು ಒಂದು ಫೈನಾನ್ಸಿನವರಿಂದ ತಲಾ 12,000 ರೂಪಾಯಿ ಸಾಲ ತೆಗೆದಿದ್ದರು. ತಿಂಗಳಿಗೆ 1,120ರಂತೆ ಹನ್ನೆರಡು ಕಂತು.

"ಅವ್ವ, ಬಡ್ಡಿ ಎಷ್ಟು ಅಂದ್ರು?"

"ನೂರಕ್ಕೆ ಒಂದ್ರೂಪಾಯಿ ಕಣವ್ವ. ಸಾಹುಕಾರ್ರಿಗಿಂತ ಎಷ್ಟೋ ವಾಸಿ."

ಹುಡುಗಿ ಕಾಲೇಜಿನ ಯಂತ್ರದಲ್ಲಿ ಹನ್ನೆರಡು ಸಾಲು ಬರೆದಳು. ಪ್ರತಿ ತಿಂಗಳೂ ಅಸಲಿಗೆ 1,000, ಬಡ್ಡಿಗೆ 120. ಮೊದಲ ತಿಂಗಳು 12,000ಕ್ಕೆ 120 ಬಡ್ಡಿ, ಸರಿ. ಆದರೆ ಕೊನೇ ತಿಂಗಳು ಉಳಿದಿರುವ ಅಸಲು ಬರೀ 1,000. ಅದಕ್ಕೂ 120! ಆ ತಿಂಗಳ ಮಟ್ಟಿಗೆ ಬಡ್ಡಿ ನೂರಕ್ಕೆ ಒಂದಲ್ಲ, ನೂರಕ್ಕೆ ಹನ್ನೆರಡು. ಉಳಿದ ಅಸಲಿಗೆ ಮಾತ್ರ ನೂರಕ್ಕೆ ಒಂದರಂತೆ ಹಾಕಿದ್ದರೆ ಇಡೀ ವರ್ಷಕ್ಕೆ 780 ರೂಪಾಯಿ ಆಗುತ್ತಿತ್ತು. ಕಟ್ಟಿದ್ದು 1,440. ಒಬ್ಬೊಬ್ಬರಿಂದ 660 ಹೆಚ್ಚು, ಹತ್ತು ಜನರಿಂದ 6,600. ವರ್ಷಕ್ಕೆ ನೂರಕ್ಕೆ 12 ಎಂದು ಹೇಳಿದ ಬಡ್ಡಿ ನಿಜದಲ್ಲಿ 21ರ ಮೇಲಿತ್ತು.

ಮುಂದಿನ ಕಂತಿಗೆ ಬಂದ ಮನುಷ್ಯನ ಮುಂದೆ ಹೆಂಗಸರು ಆ ಹಾಳೆ ಹಿಡಿದರು. ಅವನೆಂದ: "ಇದು ಕಂಪ್ಯೂಟರ್ ಹಾಕಿರೋ ಲೆಕ್ಕ ಕಣಮ್ಮಾ, ತಪ್ಪಾಗಲ್ಲ."

ಹುಡುಗಿ ಹೇಳಿದಳು: "ನಮ್ದೂ ಕಂಪ್ಯೂಟರ್ ಲೆಕ್ಕಾನೇ ಸಾರ್."

ಸೂಕ್ಷ್ಮ ಸಾಲ ಕೊಡುವ ಬ್ಯಾಂಕುಗಳೂ ಕಂಪನಿಗಳೂ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಸಾಲದ ಕಾರ್ಡು ಕೊಡಬೇಕು, ವರ್ಷದ ಬಡ್ಡಿ ಎಷ್ಟೆಂದು ತೋರಿಸಬೇಕು ಎಂದು ರಿಸರ್ವ್ ಬ್ಯಾಂಕು 2022ರಲ್ಲೇ ನಿಯಮ ಮಾಡಿದೆ ಎಂಬುದನ್ನೂ ಅವಳು ಓದಿ ಹೇಳಿದಳು. ಆ ಮನುಷ್ಯನಿಗೆ ಉತ್ತರ ಹೊಳೆಯಲಿಲ್ಲ. ಹಳೇ ಸಾಲ ತೀರಿತು. ಆ ಹತ್ತು ಜನ ಅವರ ಹತ್ತಿರ ಮತ್ತೆ ಸಾಲ ತೆಗೆಯಲಿಲ್ಲ. ಇದು ಕ್ರಾಂತಿಯಲ್ಲ, ನಮಗೆ ಗೊತ್ತು. ಆದರೆ ನಮ್ಮ ಕೇರಿಯಲ್ಲಿ ಸಾಲ ಕೊಟ್ಟವನ ಲೆಕ್ಕಕ್ಕೆ ಸಾಲ ತೆಗೆದವರು ಎದುರು ಲೆಕ್ಕ ಇಟ್ಟದ್ದು ಅದೇ ಮೊದಲು.

ಈಗ ಅವಸರ ಯಾಕೆಂದರೆ, ಬಿಲ್ಲಿನ ಫೋಟೋ ತೋರಿಸಿದರೆ ತಾನೇ ಓದಿ ನಮೂದಿಸುವ ಯಂತ್ರಗಳು ಬಂದಿವೆ. ಅವಕ್ಕೆ ಕೊನೇ ಬಸ್ಸಿನ ಚಿಂತೆ ಇಲ್ಲ. ಬರೀ ಕೀಲಿ ಒತ್ತುವುದನ್ನು ಕಲಿತವರೇ ಮೊದಲು ಕೆಲಸ ಕಳೆದುಕೊಳ್ಳುವವರು, ಅಂದರೆ ನಮ್ಮ ಹುಡುಗಿಯರು. ನಮೂದು ಸರಿಯೋ ತಪ್ಪೋ ಎಂದು ನೋಡಬಲ್ಲವರು ಉಳಿಯುತ್ತಾರೆ.

ಆದ್ದರಿಂದ ನಾವು ಕೇಳುವುದು ಇಷ್ಟು. ಸರ್ಕಾರಿ ಕಾಲೇಜಿನ ಕಂಪ್ಯೂಟರ್ ಕೋಣೆ ದಿನವೂ ತೆರೆದಿರಲಿ, ಕುರ್ಚಿಯಲ್ಲಿ ಕೂರುವ ಸರದಿ ಎಲ್ಲರಿಗೂ ಬರಲಿ. ಮೊದಲು ಕೈಬರಹದಲ್ಲಿ ಒಂದು ಅಂಗಡಿಯ ವರ್ಷದ ಲೆಕ್ಕ ಬರೆಸಿ, ಆಮೇಲೆ ಅದನ್ನೇ ಯಂತ್ರದಲ್ಲಿ ಮಾಡಿಸಲಿ. ಟ್ಯಾಲಿಯಲ್ಲಿ ಕನ್ನಡದಲ್ಲೂ ಖಾತೆ ಬರೆಯಬಹುದು, ಅದನ್ನು ತರಗತಿಯಲ್ಲಿ ತೋರಿಸಲಿ. ಪರೀಕ್ಷೆಗೆ ಯಾವುದೋ ಕಾಲ್ಪನಿಕ ಕಂಪನಿಯ ಲಾಭದ ಜೊತೆಗೆ ಗ್ರಾಮ ಪಂಚಾಯ್ತಿಯ ಖರ್ಚಿನ ಪಟ್ಟಿ, ಉದ್ಯೋಗ ಖಾತ್ರಿಯ ಕೂಲಿ ಪಟ್ಟಿ, ಸ್ತ್ರೀಶಕ್ತಿ ಸಂಘದ ಸಾಲದ ಪುಸ್ತಕ ಕೊಟ್ಟು ಪರಿಶೀಲಿಸಲು ಹೇಳಲಿ.

ಕೊಡದಿದ್ದರೆ? ಹಾಸ್ಟೆಲಿನ ಹುಡುಗರು ಕಾಯಬೇಕಾಗಿಲ್ಲ. ಭಾನುವಾರ ಸಂಜೆ ಕೇರಿಯ ಸಮುದಾಯ ಭವನದಲ್ಲಿ ಒಂದು ಹಳೇ ಲ್ಯಾಪ್‌ಟಾಪು ಇಟ್ಟುಕೊಂಡು ನಾವು ಶುರು ಮಾಡಿದ್ದೇವೆ. ಹೆಂಗಸರು ತಮ್ಮ ತಮ್ಮ ಸಾಲದ ಕಾರ್ಡು ತರುತ್ತಾರೆ, ಮಕ್ಕಳು ಸಾಲು ಸಾಲು ಅಂಕಿ ಹೊಡೆಯುತ್ತಾರೆ. ನಿಮ್ಮ ಊರಿನಲ್ಲೂ ಮಾಡಿ.